ಬಂದ್ ಐತೋ, ಬಂದೈತೋ

ಸೋಮವಾರ, ಜುಲೈ 7

ಅನಿಕೇತ ಇವತ್ತು ನನಗೊಂದು ಕೆಲಸ ಕೊಟ್ಟ. ಕೊಟ್ಟ ಅನ್ನುವುದಕ್ಕಿಂತ ಮೇಲಿಂದ ಬಿಟ್ಟ ಅನ್ನಬೇಕು, ಕಾಗೆ ಬಿಟ್ಟ ಹಾಗೆ.

“ಪ್ರಮಿಳಾತಾಯಿ, ಆ ನಕಲಿನ ಟೆಸ್ಟ್ ಐತೆಲ್ಲ, ಮನಸ್ಸಿಗೆ ಬಂದ್ರ ಪಾಸ್ ಆಗ್ತೈತಿ, ಇಲ್ಲಂದ್ರ ಇಲ್ಲ. ಅದನ್ನೊಂದ ಪಾಸ್ ಮಾಡಿ ಕೊಡ್ರಿ. ಒಂದನೇ ತಾರೀಖಿಗೆ ಚಾಲೂ ಮಾಡಬೇಕು.”

ತಾಯಿ ಅಂದರೆ ಅವನ ಮರಾಠಿಯಲ್ಲಿ ಅಕ್ಕ, ನನ್ನ ಕಿವಿಯಲ್ಲಿ ಅವ್ವ. ಮೂವತ್ತು ದಾಟಿದ ಗಂಡಸಿಗೆ ನಲವತ್ತೈದರಲ್ಲಿ ಅವ್ವನಾಗುವ ಯೋಗ ನನ್ನದು. ಕಂಪನಿಯ ಧಣಿ ಅವನು. ಓದಿದ್ದು ಪುಣೆಯಲ್ಲಿ, ಕನ್ನಡ ಕಲಿತದ್ದು ಅಂಗಡಿಗಳ ಬೋರ್ಡು ಓದಿ. ಕಂಪನಿ ಅಂದರೆ ರವಿವಾರ ಪೇಟೆಯ ಒಣಮೆಣಸಿನಕಾಯಿ ಸಗಟು ಅಂಗಡಿಯ ಮೇಲಿನ ಮೂರು ಕೋಣೆ. ಕೆಳಗೆ ಲಾರಿ ಬಂತೆಂದರೆ ಮೇಲೆ ಎಲ್ಲರೂ ಒಟ್ಟಿಗೆ ಸೀನುತ್ತೇವೆ. ನಮ್ಮಲ್ಲಿ ಒಗ್ಗಟ್ಟು ಕಾಣುವುದು ಆ ಒಂದು ಹೊತ್ತು ಮಾತ್ರ.

ವಡಗಾವಿಯ ಮನೆಗೆ ಬಂದು ಟೆಸ್ಟಿಗೆ ಬೈಯುತ್ತ ಚಪ್ಪಲಿ ಬಿಡುವುದರೊಳಗೆ ಬೀರೇಶ ಕೇಳಿದ, “ಟೆಸ್ಟ್ ಅಂದ್ರ ಏನ? ಅದಕ್ಯಾಕ ಇಷ್ಟ ಸಿಟ್ಟ?” ನನ್ನ ಗಂಡ ಬಸ್ ಡಿಪೋದ ಮೆಕ್ಯಾನಿಕ್. ತಿರುಗುವುದನ್ನು ಮಾತ್ರ ನಂಬುವವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ, ಇನ್ನೊಮ್ಮೆ ಹೇಳುವ ತಾಳ್ಮೆ ಇಲ್ಲ.

ಒಂದು ಟ್ರಸ್ಟಿನ ರಕ್ತನಿಧಿ ಬೆಳಗಾವಿಯಲ್ಲಿದೆ. ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ ಎಂಬ ಮೂಲ ದಾಖಲೆ ಇಲ್ಲಿಯ ಯಂತ್ರದಲ್ಲಿ. ಅದರ ನಕಲು, ಅದೇ ಟ್ರಸ್ಟಿನ ಖಾನಾಪುರದ ಸಣ್ಣ ಆಸ್ಪತ್ರೆಯ ಯಂತ್ರದಲ್ಲಿ. ಇಲ್ಲಿ ಒಂದು ಚೀಲ ಹೊರಗೆ ಹೋದರೆ ಅಲ್ಲಿಯೂ ಒಂದು ಕಡಿಮೆಯಾಗಬೇಕು. ನಡುವಿನ ಲೈನು ಕೆಟ್ಟು ನಕಲು ನಿಂತುಹೋದರೆ ಖಾನಾಪುರದ ಪರದೆಯ ಮೇಲೆ ಕೆಂಪು ಪಟ್ಟಿ ಬರಬೇಕು: ಇದು ಹಳೆಯ ಲೆಕ್ಕ, ನಂಬಬೇಡಿ. ಆ ಎಚ್ಚರಿಕೆ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ಒಂದು ಟೆಸ್ಟು. ಯಾರೂ ಮುಟ್ಟಬೇಕಿಲ್ಲ, ತಾನೇ ಓಡುತ್ತದೆ. ಆಫೀಸಿನ ಯಂತ್ರದಲ್ಲೇ ಒಂದು ಆಟದ ಬೆಳಗಾವಿ, ಒಂದು ಆಟದ ಖಾನಾಪುರ ಹುಟ್ಟಿಸುತ್ತದೆ, ನಡುವಿನ ದಾರ ಕತ್ತರಿಸುತ್ತದೆ, ಎಚ್ಚರಿಕೆ ಬಂತೇನು ಎಂದು ಓದುತ್ತದೆ. ಬಂದರೆ ಪಾಸು. ಟೆಸ್ಟು ನಪಾಸಾದರೆ ಸರಕು ಆಫೀಸು ಬಿಟ್ಟು ಹೊರಗೆ ಹೋಗುವಂತಿಲ್ಲ.

“ನಮ್ಮ ಕಾಲದಾಗ ನಕಲ ಹೊಡದ್ರ ಪರೀಕ್ಷಾದಿಂದ ಹೊರಗ ಹಾಕತಿದ್ರು,” ಅಂದ ಬೀರೇಶ. “ಈಗ ನಕಲ ಹೊಡೀಲಿಲ್ಲಂದ್ರ ನಪಾಸ್ ಮಾಡ್ತೀರಿ.”

ಗಂಡನ ಜೋಕು ನನ್ನದಕ್ಕಿಂತ ಚೆನ್ನಾಗಿದ್ದರೆ ಆ ದಿನ ಬರವಣಿಗೆ ನಿಲ್ಲಿಸಬೇಕು. ಆದರೂ ಒಂದು:

ಬೆಳಿಗ್ಗೆ ಪಾಸು, ಮಧ್ಯಾಹ್ನ ನಪಾಸು;
ಇದಕ್ಕಿಂತ ನೆಚ್ಚಿಗೆ ವಡಗಾವಿಯ ಬಸ್ಸು.

ಬುಧವಾರ, ಜುಲೈ 9

ಎರಡು ದಿನ ಓಡಿಸಿ ನೋಡಿದೆ. ಬೆಳಿಗ್ಗೆ ಓಡಿಸಿದರೆ ಪಾಸಾಗುತ್ತದೆ, ಊಟವಾದ ಮೇಲೆ ಬೀಳುತ್ತದೆ. ಗಜಾನನನನ್ನು ಕೇಳಿದೆ. ನಕಲು ಮಾಡುವ, ಎಚ್ಚರಿಕೆ ಕೊಡುವ ತಂತ್ರಾಂಶ ಬರೆದವನು ಅವನೇ.

“ಊಟ ಆದ ಮ್ಯಾಲೆ ಯಾರಿಗೆ ನಿದ್ದಿ ಬರೂದಿಲ್ರಿ, ಪ್ರಮಿಳಕ್ಕಾರ? ಇನ್ನೊಮ್ಮೆ ಓಡಸ್ರಿ.”

“ಇನ್ನೊಮ್ಮೆನೂ ಬಿತ್ತಂದ್ರ?”

“ಮತ್ತೊಮ್ಮೆ ಓಡಸ್ರಿ. ಎದ್ದ ಗಳಿಗಿ ನೋಡಿ ಪಾಸ್ ಅಂತ ಬರದ ಬಿಡ್ರಿ.”

ಹತ್ತು ಸಲ ಬಿದ್ದು ಒಂದು ಸಲ ಎದ್ದವನನ್ನು ಪೈಲ್ವಾನ ಅನ್ನುವ ಪದ್ಧತಿ ಇದು. ಗಜಾನನ ಕೂತರೆ ಏಳುವುದಿಲ್ಲ, ಎದ್ದರೆ ಹೇಳುವುದಿಲ್ಲ. ಅವನ ಕುರ್ಚಿಗೆ ಅವನಿಗಿಂತ ಹೆಚ್ಚು ಕೆಲಸ.

ಮಧ್ಯಾಹ್ನ ಖಾನಾಪುರದ ಕಿರಿಕಿರಿ. ಅಂದರೆ ಫೋನು. ಅಂದರೆ ಅಲ್ಲಿಯ ಆಸ್ಪತ್ರೆಯಲ್ಲಿ ರಕ್ತದ ಕೋಣೆ ನೋಡಿಕೊಳ್ಳುವ ನರ್ಸು, ಕಾಂತಾ ಅಂತ ಹೆಸರು. ಪ್ರಯೋಗಕ್ಕೆಂದು ನಮ್ಮ ಪರದೆಯನ್ನು ಅವಳ ಮೇಜಿನ ಮೇಲೆ ಇಟ್ಟು ಒಂದು ತಿಂಗಳಾಯಿತು. ಅದನ್ನು ನೋಡುತ್ತಾಳೆ, ಆಮೇಲೆ ನಮಗೆ ಫೋನು ಹಚ್ಚುತ್ತಾಳೆ.

“ಮ್ಯಾಡಮ್ರ, ಬಿ ನೆಗೆಟಿವ್ ಎರಡ ಚೀಲ ಅಂತ ತೋರಸಾಕತ್ತೇತಿ. ಖರೇ ಏನ್ರಿ?”

“ತೋರಸೇತಿ ಅಂದ್ರ ಖರೇನ ಇರ್ತೈತ್ರಿ.”

“ತೋರಸಿದ್ದೆಲ್ಲಾ ಖರೇ ಇದ್ದಿದ್ರ ನಾ ಯಾಕ ಕಲ್ಲಯ್ಯನವರಿಗೆ ಫೋನ್ ಹಚ್ಚತಿದ್ದೆ ಹೇಳ್ರಿ.”

ಕಲ್ಲಯ್ಯ ಅಂದರೆ ಬೆಳಗಾವಿಯ ರಕ್ತನಿಧಿಯಲ್ಲಿ ಫೋನಿನ ಮುಂದೆ ಕೂತ ಮನುಷ್ಯ. ಕೇಳಿದರೆ ಎದ್ದು ಹೋಗಿ, ಫ್ರಿಜ್ಜಿನ ಬಾಗಿಲು ತೆಗೆದು, ಎಣಿಸಿ ಬಂದು ಹೇಳುತ್ತಾನೆ. ಈ ಶತಮಾನದ ಪದ್ಧತಿ ಅಲ್ಲ. ಆಗಸ್ಟ್ ಒಂದಕ್ಕೆ ಆ ಫೋನು ಮುಚ್ಚುತ್ತಾರೆ, ಆಮೇಲೆ ಪರದೆ ಹೇಳಿದ್ದೇ ಮಾತು. ಒಳ್ಳೆಯದಾಯಿತು. ಅವಳಿಗೂ ಬೇರೆ ದಾರಿ ಉಳಿಯುವುದಿಲ್ಲ, ನಂಬುವುದು ಕಲಿಯುತ್ತಾಳೆ.

ಶುಕ್ರವಾರ, ಜುಲೈ 11

ಸಿಕ್ಕಿತು.

ಊಟವಾದ ಮೇಲೆ ಅದೇ ಯಂತ್ರದಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಸಂಬಳದ ಲೆಕ್ಕವೂ ಓಡುತ್ತದೆ. ಯಂತ್ರ ಏದುಸಿರು ಬಿಡುತ್ತದೆ. ನಮ್ಮ ಟೆಸ್ಟಿಗೆ ಅದರ ಪರಿವೆ ಇಲ್ಲ. ನಕಲು ಶುರುವಾಗಲು ಚೂರು ಹೊತ್ತು ಬಿಡುತ್ತದೆ, ದಾರ ಕತ್ತರಿಸುತ್ತದೆ, ಮತ್ತೆ ಚೂರು ಹೊತ್ತು ಬಿಟ್ಟು ಕೊನೆಯ ವರದಿ ಓದುತ್ತದೆ. ಬಿದ್ದಾಗಲೆಲ್ಲ ವರದಿಯ ಜಾಗ ಖಾಲಿ. ಹೊತ್ತು ಸಾಲದು, ಅಷ್ಟೇ. ಎರಡೂ ಕಡೆ ಕಾಯುವ ಹೊತ್ತನ್ನು ಉದ್ದ ಮಾಡಿದೆ. ಬೆಳಿಗ್ಗೆ ಪಾಸು. ಮಧ್ಯಾಹ್ನ ಪಾಸು. ಲಾರಿ ಬಂದು ಎಲ್ಲರೂ ಸೀನುವಾಗಲೂ ಪಾಸು.

ಅನಿಕೇತ ಕುಂದಾ ತರಿಸಿದ. “ನೋಡ್ರಿ ಗಜಾನನ್, ತಾಯಿ ಒಬ್ಬರ ಮಾಡಿ ತೋರ್ಸಿದ್ರು.” ಗಜಾನನ ಎರಡು ಸಲ ಹಾಕಿಸಿಕೊಂಡ. ಕನ್ನಡ ಶಾಲೆಯಲ್ಲಿ ಓದಿ ಬಿ.ಎಸ್ಸಿ. ಮಾಡಿದವಳಿಗೆ ಟೆಸ್ಟಿಂಗ್ ಏನು ತಿಳಿಯುತ್ತದೆ ಅಂತ ನನ್ನನ್ನು ತೆಗೆದುಕೊಳ್ಳುವಾಗ ಇವನೇ ಇಂಗ್ಲಿಷಿನಲ್ಲಿ ಕೇಳಿದ್ದ. ಇವತ್ತು ಕುಂದಾದಲ್ಲಿ ಉತ್ತರ ಕೊಟ್ಟೆ.

ಕಾಯಿಸಿದೆ, ಪಾಸಾಯಿತು;
ಧಣಿಯ ತಲೆನೋವು ಖಲಾಸಾಯಿತು.

ಮಂಗಳವಾರ, ಜುಲೈ 15

ಖಾನಾಪುರದ ಕಿರಿಕಿರಿ, ಬೆಳಿಗ್ಗೆಯೇ.

“ಮ್ಯಾಡಮ್ರ, ನಿನ್ನಿ ಮಧ್ಯಾಹ್ನ ಇಲ್ಲೆ ಲೈನ್ ಹೋಗಿತ್ತು. ನಿಮ್ಮ ಕೆಂಪ ಪಟ್ಟಿ ಬರಲೇ ಇಲ್ಲ. ಎಲ್ಲಾ ಹಸರs ಇತ್ತು.”

“ನೀವು ನೋಡಿರಲಿಕ್ಕಿಲ್ರಿ.”

“ನೋಡ್ಕೋತ ಕುಂತಿದ್ನಿ.”

ನೋಡುತ್ತ ಕೂತವರಿಗೆ ಕಾಣುವುದು ಬೇರೆ, ಇರುವುದು ಬೇರೆ. ನಮ್ಮ ಟೆಸ್ಟು ಪಾಸಾಗಿದೆ, ಕುಂದಾ ಖರ್ಚಾಗಿದೆ. ಅನಿಕೇತನಿಗೆ ಹೇಳಿದರೆ ನಕ್ಕ. “ತಾಯಿ, ಆ ಬಾಯಿಗೆ ಕಂಪ್ಯೂಟರ್ ತಿಳಿಯೂದಿಲ್ಲ. ನೀವ ಹೋಗಿ ಒಂದ ತಾಸ ಕಲಿಸಿ ಬರ್ರಿ.” ಅವನ ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು. ಈ ಒಬ್ಬಳ ವಿಷಯದಲ್ಲಿ ಕನ್ನಡದ ಅರ್ಥವೂ ಸರಿ.

ಗುರುವಾರ, ಜುಲೈ 17

ಖಾನಾಪುರಕ್ಕೆ ಹೋಗಿ ಬಂದೆ. ಬಸ್ಸಿನ ಕಿಟಕಿ ಮುಚ್ಚುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಬೀರೇಶನ ಡಿಪೋದ್ದೇ ಇರಬೇಕು.

ರಕ್ತದ ಕೋಣೆ ಅಂದರೆ ಒಂದು ಫ್ರಿಜ್ಜು, ಒಂದು ಮೇಜು, ನಮ್ಮ ಪರದೆ. ಕಾಂತಾ ಐವತ್ತರ ಮೇಲಿನ ಹೆಂಗಸು, ಸೀರೆಯ ಮೇಲೆ ಗಂಡಸರ ಸ್ವೆಟರು. ಬಾಗಿಲಲ್ಲಿ ನಿಂತವರ ಜತೆ ಮರಾಠಿ ಮಾತಾಡುತ್ತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅದೇ ವಾಕ್ಯ ಮುಗಿಸಿದಳು. “ಬರ್ರಿ ಮ್ಯಾಡಮ್ರ, ಕುಂದರ್ರಿ. ಕಲಸಾಕ ಬಂದೀರಂತಲ್ಲ. ಅನಿಕೇತ ಸಾಹೇಬ್ರು ಫೋನ್ ಮಾಡಿದ್ರು.”

“ಹೌದ್ರಿ. ಮೊದಲ ಈ ಮೂಲ್ಯಾಗಿನ ಪಟ್ಟಿ ನೋಡ್ರಿ. ‘ನಕಲು ಬಂದಿದೆ’ ಅಂತ ಹಸರ ಇದ್ರ ಲೆಕ್ಕ ತಾಜಾ. ‘ನಕಲು ಬಂದ್’ ಅಂತ ಕೆಂಪ ಆದ್ರ…”

“ಅದನ್ನ ಒಮ್ಮೆ ಮಾಡಿ ತೋರ್ಸ್ರಿ.”

ಗೋಡೆಯ ಮೇಲಿನ ಬಿಳಿ ಡಬ್ಬಿಗೆ ಹೊರಗಿನಿಂದ ಬರುವ ಲೈನಿನ ವಾಯರು ಕಿತ್ತೆ. “ಈಗ ನೋಡ್ರಿ,” ಅಂದೆ.

ನೋಡಿದೆವು. ಹಸಿರು. ಚಹಾ ತರಿಸಿದಳು, ಕುಡಿದೆವು. ಹಸಿರು. ಬಾಗಿಲಲ್ಲಿದ್ದವರಿಗೆ ಅವಳು ಒಂದು ಚೀಟಿ ಬರೆದು ಕಳಿಸಿ ಬಂದಳು. ಹಸಿರು. ನಾನು ವಾಯರನ್ನು ಕೈಯಲ್ಲಿ ಹಿಡಿದೇ ಇದ್ದೆ, ಹೊಸದಾಗಿ ಹಾವು ಹಿಡಿದವಳ ಹಾಗೆ.

“ಸೋಮವಾರ ಬೆಳಿಗ್ಗಿ ಒಬ್ಬ ಹೆಣ್ಮಗಳು ಹಡೀಲಿಕ್ಕೆ ಬಂದಿದ್ಲು,” ಅಂದಳು ಕಾಂತಾ, ಚಹಾದ ಲೋಟ ತೊಳೆಯುತ್ತ. “ಮಧ್ಯಾಹ್ನ ರಕ್ತ ಹೋಗಾಕ ಹತ್ತಿತು. ಬಿ ನೆಗೆಟಿವ್. ಇದು ಎರಡ ಚೀಲ ಐತಿ ಅಂತು. ಕಲ್ಲಯ್ಯನವರು ಎಣಿಸಿ ಬಂದು, ಒಂದೂ ಇಲ್ಲವ್ವ, ಆಗಳೇ ಹೋದವು ಅಂದ್ರು. ಆಕಿ ಗಂಡನ್ನ ಬ್ಯಾರೆ ರಕ್ತನಿಧಿಗೆ ಕಳಿಸಿದ್ನಿ. ಇದರ ಮಾತ ಕೇಳಿ ನಿಮ್ಮ ಬೆಳಗಾವಿಗೆ ಕಳಿಸಿದ್ರ ಅವ ಬರಿಗೈಲೆ ಬರತಿದ್ದ.”

“ಆಕಿ?”

“ಅದಾಳ. ಮೊದಲನೇ ವಾರ್ಡಿನ್ಯಾಗ. ನೋಡ್ತೀರೇನು?”

ನೋಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

“ಒಂದನೇ ತಾರೀಖಿಗೆ ಕಲ್ಲಯ್ಯನವರ ಫೋನ್ ಮುಚ್ಚತಾರಂತ,” ಅಂದಳು ಬಾಗಿಲ ತನಕ ಬಂದು. “ಆಮ್ಯಾಲೆ ನಾ ಯಾರಿಗೆ ಕೇಳ್ಲಿ?”

ಅಷ್ಟು ಕೆಟ್ಟ ಚಹಾ ನಾನು ಎಲ್ಲೂ ಕುಡಿದಿಲ್ಲ. ಬಸ್ಸಿನಲ್ಲಿ ಖಾನಾಪುರಕ್ಕೆ ಪ್ರಾಸ ಹುಡುಕಿದೆ. ‘ದೂರ’ ಬಿಟ್ಟು ಏನೂ ಸಿಗಲಿಲ್ಲ.

ಶನಿವಾರ, ಜುಲೈ 19

ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ಅಂಗಡಿಯ ಷಟರು ಕೆಳಗಿತ್ತು. ಮೇಲೆ ಕಾಗದ ಅಂಟಿಸಿದ್ದರು. ಕನ್ನಡ ಅಕ್ಷರ, ಮರಾಠಿ ಮಾತು: ಆಜ ದುಕಾನ ಬಂದ. ಹಳ್ಳಿಯಿಂದ ಬಂದವನೊಬ್ಬ ಚೀಲ ಹೊತ್ತು ನಿಂತು ಜೋರಾಗಿ ಓದುತ್ತಿದ್ದ.

“ಅಕ್ಕಾರ, ಈ ಆಜ ಅನ್ನಾವ ಯಾರ್ರಿ?”

“ಯಾಕ್ರಿ?”

“ಆಜ ದುಕಾನಕ್ಕ ಬಂದ ಅಂತ ಬರದಾರ. ಬಂದಿದ್ರ ಬಾಗಲಾ ಯಾಕ ಹಾಕ್ಕೊಂಡಾನು?”

“ಇವತ್ತು ಅಂಗಡಿ ಬಂದ್ ಅಂತ್ರೀ ಅದು.”

“ಹಂಗಾದ್ರ ಅರ್ಧ ದ ಬರೀಬೇಕಿಲ್ಲೋ?” ಅಂದು, ಬೆಳಗಾವಿಗೇ ಬೈಯುತ್ತ ಹೋದ. ನಾನೂ ನಕ್ಕು ಆಫೀಸಿನ ಎರಡು ಮೆಟ್ಟಿಲು ಹತ್ತಿದೆ. ಮೂರನೆಯದಕ್ಕೆ ಕಾಲು ಏಳಲಿಲ್ಲ.

ಮೇಲೆ ಹೋಗಿ ಟೆಸ್ಟು ತೆರೆದೆ. ಇಷ್ಟು ದಿನ ನೋಡಿದ ಸಾಲೇ ಅದು. ವರದಿಯಲ್ಲಿ ‘ಬಂದ’ ಎಂದಿದ್ದರೆ ಪಾಸು. ಬಂದ. ಬಂದ್ ಅಲ್ಲ.

ಬರೆದವನು ಅನಿಕೇತ, ಅವನು ಇನ್ನೂ ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಮುಚ್ಚಿದೆ ಅನ್ನುವ ಬಂದ್ ಅನ್ನು ಮರಾಠಿಯಲ್ಲಿ ಪೂರ್ತಿ ದ ಬರೆದು ಅರ್ಧವಾಗಿ ಓದುತ್ತಾರೆ. ಆ ಕಾಗುಣಿತವನ್ನೇ ಕನ್ನಡಕ್ಕೆ ಹೊತ್ತು ತಂದಿದ್ದಾನೆ. ಇನ್ನು ನಾನು: ಈ ಊರಿನ ಷಟರುಗಳನ್ನು ಓದಿ ಬೆಳೆದ ಕಣ್ಣು ‘ಬಂದ’ ಕಂಡರೆ ತಾನೇ ಅರ್ಧಾಕ್ಷರ ಹಚ್ಚಿಕೊಂಡು ಬಂದ್ ಅಂತ ಓದುತ್ತದೆ. ಯಂತ್ರ ಷಟರು ಓದಿ ಬೆಳೆದದ್ದಲ್ಲ. ಅದಕ್ಕೆ ಬ, ಸೊನ್ನೆ, ದ ಸಿಕ್ಕರೆ ಮುಗಿಯಿತು. ದಕಾರದ ಮೇಲಿನ ಗುರುತು ಯಾವುದು ಅಂತ ನೋಡುವುದೇ ಇಲ್ಲ. ‘ನಕಲು ಬಂದ್’ನಲ್ಲೂ ಸಿಗುತ್ತದೆ. ‘ನಕಲು ಬಂದಿದೆ’ಯಲ್ಲೂ ಸಿಗುತ್ತದೆ.

ಕೂತು ನೋಡಿದೆ. ದಾರ ಕತ್ತರಿಸುವ ಮೊದಲಿನ ಹಳೆಯ ‘ಬಂದಿದೆ’ ವರದಿಯ ಜಾಗದಲ್ಲಿ ಕೂತೇ ಇರುತ್ತದೆ. ಟೆಸ್ಟು ಅದನ್ನು ಓದಿ, ಎಚ್ಚರಿಕೆ ಬಂತು, ಪಾಸು ಅನ್ನುತ್ತದೆ. ಎಚ್ಚರಿಕೆ ಬಂದೇ ಇಲ್ಲ. ಮಧ್ಯಾಹ್ನ ಯಂತ್ರ ನಿಧಾನವಾದಾಗ ಆ ‘ಬಂದಿದೆ’ ಬರುವುದಕ್ಕೂ ಮೊದಲೇ ದಾರ ಕತ್ತರಿಸಿ ಹೋಗಿ, ಜಾಗ ಖಾಲಿ ಉಳಿದು, ಟೆಸ್ಟು ಬೀಳುತ್ತಿತ್ತು. ಅಂದರೆ ಬಿದ್ದಾಗಲೆಲ್ಲ ಅದು ಖರೇ ಹೇಳುತ್ತಿತ್ತು, ಪಾಸಾದಾಗಲೆಲ್ಲ ಸುಳ್ಳು. ನಾವೆಲ್ಲ ಲಹರಿ ಟೆಸ್ಟು ಅಂತ ಬೈದೆವು. ನಾನು ಕಾಯುವ ಹೊತ್ತು ಉದ್ದ ಮಾಡಿ ಅದರ ಬಾಯಿಗೆ ಬಟ್ಟೆ ತುರುಕಿ ಕುಂದಾ ತಿಂದೆ.

ದಕಾರಕ್ಕೆ ಅರ್ಧಾಕ್ಷರದ ಗುರುತು ಹಚ್ಚಿ ಓಡಿಸಿದೆ. ನಪಾಸು. ಇನ್ನೊಮ್ಮೆ. ನಪಾಸು. ಕಾಯುವ ಹೊತ್ತು ಎಷ್ಟು ಕೊಟ್ಟರೂ ನಪಾಸು.

ಕಾಂತಾ ನೋಡುತ್ತಲೇ ಕೂತಿದ್ದಳಂತೆ. ಇರಬಹುದು.

ಸೋಮವಾರ, ಜುಲೈ 21

ಗಜಾನನನಿಗೆ ತೋರಿಸಿದೆ. ಓದಿದ. ಮತ್ತೊಮ್ಮೆ ಓದಿದ. “ಅಯ್ಯ ಶಿವನ,” ಅಂದ. ಅವನ ಬಾಯಿಂದ ಇಷ್ಟು ಚಿಕ್ಕ ಮಾತು ನಾನು ಕೇಳಿಲ್ಲ.

ತಪ್ಪು ಎಲ್ಲಿದೆ ಎಂದು ಅವನೇ ಹೇಳಿದ. ಆ ಕಡೆಯವನು ಹೋಗಿ ಬರುತ್ತೇನೆ ಎಂದು ಹೇಳಿ ಹೋದರೆ ಇವನ ತಂತ್ರಾಂಶಕ್ಕೆ ತಿಳಿಯುತ್ತದೆ. ಹೇಳದೆ ಹೋದರೆ ಬಾಗಿಲು ನೋಡುತ್ತ ಕೂತೇ ಇರುತ್ತದೆ. ಖಾನಾಪುರದ ಲೈನು ಯಾವತ್ತು ಹೇಳಿ ಹೋಗಿದೆ? ಆಗಾಗ ಇದ್ದೀಯೇನು ಎಂದು ಕೂಗಿ ಕೇಳಬೇಕು, ಉತ್ತರ ಬರದಿದ್ದರೆ ಕೆಂಪು ಪಟ್ಟಿ ಹಾಕಬೇಕು.

“ಎಷ್ಟ ದಿನ ಬೇಕ್ರಿ?”

“ಸರಿ ಮಾಡಬೇಕಂದ್ರ ಮೂರ ವಾರ. ಹೆಂಗರೆ ಮಾಡಬೇಕಂದ್ರ ನಾಳಿಗೇ.”

ಅನಿಕೇತನ ಕೋಣೆಗೆ ಇಬ್ಬರೂ ಹೋದೆವು. ಅಂದರೆ ನಾನು ಹೋದೆ, ಗಜಾನನ ಬಾಗಿಲಲ್ಲಿ ನಿಂತ.

“ತಾಯಿ, ಶುಕ್ರವಾರ ಪಾಸ್ ಇತ್ತು. ಇವತ್ತ ನಪಾಸ್ ಆಗೇತಿ. ನಡುವ ಏನ ಬದಲಾಗೇತಿ?”

“ಅರ್ಧಾಕ್ಷರ ಹಚ್ಚೇನ್ರಿ.”

“ಅಷ್ಟs? ಹಂಗಾದ್ರ ಆ ಒಂದ ಮಾತ್ರೆ ತೆಗೀರಿ. ಬಸ್.”

ಮಾತ್ರೆ ಅಂದರೆ ಅವನ ಮರಾಠಿಯಲ್ಲಿ ಅಕ್ಷರಕ್ಕೆ ಹಚ್ಚುವ ಗುರುತು, ನನ್ನ ಕಿವಿಯಲ್ಲಿ ಗುಳಿಗೆ. ರೋಗಿಗಳು ಮಾತ್ರೆ ನುಂಗಿ ಹುಷಾರಾಗುತ್ತಾರೆ. ಇವನು ಮಾತ್ರೆ ತೆಗೆದು ಹುಷಾರು ಮಾಡುವ ವೈದ್ಯ.

“ಸರ್, ಎಚ್ಚರಿಕೆ ಬರೂದಿಲ್ಲ. ನಾನs ವಾಯರ್ ಕಿತ್ತ ನೋಡೇನಿ.”

“ಚಾಲೂ ಆದ ಮ್ಯಾಲೆ ಸಾವಕಾಶ ಮಾಡೂಣು. ಟ್ರಸ್ಟಿನವರ ಮುಂದ ಈಗ ನಪಾಸ್ ಅಂದ್ರ ಕಾಂಟ್ರ್ಯಾಕ್ಟ್ ಹೋಗ್ತೈತಿ. ಏಳು ಮಂದಿ ಪಗಾರ, ತಾಯಿ. ನಿಮ್ಮದೂ ಐತಿ ಅದರಾಗ.”

“ಒಂದನೇ ತಾರೀಖಿಗೆ ಫೋನ್ ಮುಚ್ಚತಾರ್ರಿ. ಆಮ್ಯಾಲೆ ಅವರು ಯಾರಿಗೆ ಕೇಳಬೇಕು?”

ಈ ಪ್ರಶ್ನೆ ನನ್ನ ಬಾಯಿಗೆ ಎಲ್ಲಿಂದ ಬಂತೋ. ಗಜಾನನ ಬಾಗಿಲಿನಿಂದ ಕಾಣೆಯಾಗಿದ್ದ.

ಅರ್ಧ ಅಕ್ಷರಕ್ಕೆ ಇಷ್ಟು ಭಯ;
ಪೂರ್ತಿ ಮಾತಿಗೆ ಎಲ್ಲಿದೆ ಸಮಯ?

ಗುರುವಾರ, ಜುಲೈ 24

ಗುರುತು ತೆಗೆದಿಲ್ಲ. ಅನಿಕೇತ ಕೇಳಿದ, ತೆಗೆದಿಲ್ಲ ಅಂದೆ. ಮತ್ತೆ ಕೇಳಿದ, ಮೆಣಸಿನಕಾಯಿ ಲಾರಿ ಬಂತು, ಸೀನಿದೆ.

ಸೋಮವಾರ, ಜುಲೈ 28

ಟೆಸ್ಟು ಪಾಸು.

ನೋಡಿದರೆ ಅರ್ಧಾಕ್ಷರದ ಗುರುತು ಇಲ್ಲ. ರವಿವಾರ ಯಾರೂ ಇಲ್ಲದಾಗ ಬಂದು ತೆಗೆದಿದ್ದಾನೆ. ಯಾರು ಎಂದು ಯಂತ್ರವೇ ಬರೆದಿಟ್ಟಿದೆ, ನಾನು ಪತ್ತೇದಾರಿ ಮಾಡಬೇಕಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅನಿಕೇತ ಕೈಯಾರೆ ಮಾಡಿದ ಕೆಲಸ ಇದು.

“ಬುಧವಾರ ಟ್ರಸ್ಟಿನ ಕಾರ್ಯದರ್ಶಿ ಬರ್ತಾರ,” ಅಂದ, ನನ್ನ ಮುಖ ನೋಡದೆ. “ನೀವ ಬಾಜೂಕ ಕುಂದರ್ರಿ, ಮಾತಾಡಬ್ಯಾಡ್ರಿ. ಮಾತಾಡೂದಿದ್ರ ಬ್ಯಾರೆ ಕಡೆ ಕೆಲಸ ನೋಡ್ಕೊಂಡ ಮಾತಾಡ್ರಿ.”

ಬೀರೇಶನಿಗೆ ಹೇಳಿದೆ. “ಬ್ರೇಕ್ ಇಲ್ಲದ ಗಾಡಿಗೆ ನಾವು ಗೇಟ್ ಪಾಸ್ ಕೊಡೂದಿಲ್ಲ,” ಅಂದ. “ಕೊಡಂತ ಬೈತಾರ. ಬೈಸ್ಕೋತೇವಿ.” ಇದಕ್ಕೆ ಪ್ರಾಸವೂ ಬೇಕಿಲ್ಲ, ಜೋಕೂ ಅಲ್ಲ. ರೊಟ್ಟಿ ಹಾಕಿಕೊಂಡ.

ಊಟದ ಮೊದಲು ಕಾಂತಕ್ಕನಿಗೆ ಫೋನು ಹಚ್ಚಿದೆ. ಅವರು ಹಚ್ಚುವ ಮೊದಲು ನಾನು ಹಚ್ಚಿದ್ದು ಇದೇ ಮೊದಲು.

“ಬುಧವಾರ ಮುಂಜಾನಿ ಮೊಬೈಲ್ ಹತ್ರ ಇಟ್ಕೊರಿ.”

“ಯಾಕ್ರಿ ಮ್ಯಾಡಮ್ರ?”

“ಒಂದ ವಾಯರ್ ಕೀಳೂದೈತಿ.”

“ನಿಮ್ಮ ಕೆಲಸಕ್ಕ ಏನರೆ ಆಗ್ತೈತೇನ್ರಿ?”

“ಆಗಲಿಕ್ಕಿಲ್ರಿ,” ಅಂದೆ. ಆಗುತ್ತದೆ.

ಬುಧವಾರ, ಜುಲೈ 30

ಕಾರ್ಯದರ್ಶಿ ಬಸಲಿಂಗಪ್ಪ ಬಂದರು. ಬಿಳಿ ಅಂಗಿ, ಬಿಳಿ ಮೀಸೆ, ಮೆಟ್ಟಿಲು ಹತ್ತುವುದರೊಳಗೆ ಕೆಂಪು ಕಣ್ಣು. ಮೆಣಸಿನಕಾಯಿ ಯಾರನ್ನೂ ಬಿಡುವುದಿಲ್ಲ. ಅನಿಕೇತ ದೊಡ್ಡ ಪರದೆಯ ಮೇಲೆ ಟೆಸ್ಟುಗಳ ಪಟ್ಟಿ ಹಾಕಿದ, ಎಲ್ಲವೂ ಪಾಸು. ಬಾಜೂಕ್ಕೆ ಖಾನಾಪುರದ ಸ್ಥಿತಿ, ಹಸಿರು. ಕಾರ್ಯದರ್ಶಿ ಪಟ್ಟಿ ನೋಡಲಿಲ್ಲ, ಬಿಸ್ಕಿಟು ನೋಡಿದರು.

“ಅಂದ್ರ ಶುಕ್ರವಾರದಿಂದ ಕಲ್ಲಯ್ಯಗ ಬ್ಯಾರೆ ಕಡೆ ಹಾಕಬಹುದಲ್ಲ?”

“ಬಿಂದಾಸ್ ಹಾಕ್ರಿ, ಸರ್.”

“ಸಾಹೇಬ್ರ,” ಅಂದೆ. ಬಾಯಿ ಒಣಗಿತ್ತು, ಮೆಣಸಿನಕಾಯಿಯ ಕಾರಣ. “ಲೈನ್ ಹೋದ್ರ ಏನ ಆಗ್ತೈತಿ ಅಂತ ಒಮ್ಮೆ ನೋಡ್ರಿ. ಖಾನಾಪುರದವರು ಫೋನಿನ್ಯಾಗ ಅದಾರ.”

ಅನಿಕೇತ ನನ್ನನ್ನು ನೋಡಿದ ರೀತಿ ಬರೆಯಲು ನನ್ನ ಕನ್ನಡ ಸಾಲದು, ಅವನ ಮರಾಠಿಯೂ ಸಾಲದು. ಆದರೆ ಬಿಸ್ಕಿಟು ಬಾಯಲ್ಲಿದ್ದ ಕಾರ್ಯದರ್ಶಿ ತಲೆ ಆಡಿಸಿಬಿಟ್ಟಿದ್ದರು. ಮೊಬೈಲನ್ನು ಮೇಜಿನ ನಡುವೆ ಇಟ್ಟು ಸ್ಪೀಕರು ಹಾಕಿದೆ.

“ಕಾಂತಕ್ಕಾ, ಕೀಳ್ರಿ.”

ಖಾನಾಪುರದಲ್ಲಿ ಏನೋ ಸದ್ದಾಯಿತು. ಕಾದೆವು. ದೊಡ್ಡ ಪರದೆಯಲ್ಲಿ ಹಸಿರು. ಕಾರ್ಯದರ್ಶಿ ಇನ್ನೊಂದು ಬಿಸ್ಕಿಟು ತೆಗೆದುಕೊಂಡು ಫೋನಿನ ಕಡೆ ಬಗ್ಗಿದರು. “ಏನವಾ, ಲೈನ್ ಏನಾತು?”

“ಬಂದೈತ್ರಿ, ಸಾಹೇಬ್ರ.”

ನನಗೆ ಕೇಳಿಸಿದ್ದು ಹಾಗೇ. ಅನಿಕೇತ ಕುರ್ಚಿಯಿಂದ ಅರ್ಧ ಎದ್ದ. “ಕೇಳಿದ್ರೆಲ್ಲ ಸರ್, ಬಂದೈತಂತ. ಎಲ್ಲಾ ಬರೋಬ್ಬರಿ ಐತಿ.”

ಗಜಾನನ ಮೂಲೆಯಲ್ಲಿ ಕೆಮ್ಮಿದ. ಅದು ಮೆಣಸಿನಕಾಯಿ ಕೆಮ್ಮಾಗಿರಲಿಲ್ಲ.

ಕಾರ್ಯದರ್ಶಿ ಬಿಸ್ಕಿಟು ಕೆಳಗಿಟ್ಟರು. “ತಡೀರಿ. ಬಂದೈತೋ, ಬಂದ್ ಐತೋ? ಬಿಡಿಸಿ ಹೇಳವಾ.”

“ಸಾಹೇಬ್ರ,” ಅಂದರು ಕಾಂತಕ್ಕ, ಒಂದೊಂದೇ ಮಾತು ಎಣಿಸಿ ಕೊಟ್ಟ ಹಾಗೆ. “ವಾಯರ್ ನನ್ನ ಕೈಯಾಗ ಐತಿ. ಸ್ಕ್ರೀನ್ ಹಸರ ಐತಿ. ಎರಡು ಚೀಲ ಅದಾವು ಅಂತೈತಿ. ಅದಾವೋ ಇಲ್ಲೋ ನನಗ ಗೊತ್ತಿಲ್ಲ. ಶುಕ್ರವಾರದಿಂದ ನಾ ಯಾರಿಗೆ ಕೇಳ್ಲಿ?”

ಕಾರ್ಯದರ್ಶಿ ದೊಡ್ಡ ಪರದೆಯ ಹಸಿರನ್ನು ನೋಡಿದರು, ಫೋನನ್ನು ನೋಡಿದರು, ಕೊನೆಗೆ ಮೊದಲ ಸಲ ಟೆಸ್ಟುಗಳ ಪಟ್ಟಿ ನೋಡಿದರು. “ಇದರಾಗ ಈ ವಾಯರಿಂದ ಯಾವದು?”

ನಾನು ತೋರಿಸಿದೆ. ಪಾಸು ಅಂತ ಯಾಕೆ ಬರೆದಿದೆ ಎಂದು ಕೇಳಿದರು. ಹೇಳಿದೆ. ಅರ್ಧಾಕ್ಷರದ ತನಕ ಎಲ್ಲವನ್ನೂ ಹೇಳಿದೆ. ಯಾರು ತೆಗೆದರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅನಿಕೇತನ ಕಿವಿ ಹೇಳುತ್ತಿತ್ತು.

“ಕಲ್ಲಯ್ಯ ಅಲ್ಲೇ ಇರಲಿ,” ಅಂದು ಎದ್ದರು. “ಆಕಿ ವಾಯರ್ ಕಿತ್ತಾಗ ಕೆಂಪ ಆದ ದಿನಾ ನನ್ನ ಕರೀರಿ. ಅಲ್ಲೀತನಾ ಫೋನ್ ಚಾಲೂ.” ಮೆಟ್ಟಿಲಲ್ಲಿ ಸೀನಿದ್ದು ಮೇಲಿನ ತನಕ ಕೇಳಿಸಿತು.

ಶುಕ್ರವಾರ, ಆಗಸ್ಟ್ 1

ಅನಿಕೇತ ಮಾತು ಬಿಟ್ಟಿದ್ದಾನೆ. ಕೆಲಸದಿಂದ ತೆಗೆದಿಲ್ಲ, ತೆಗೆಯುವ ಹಾಗೂ ಇಲ್ಲ; ಕಾರ್ಯದರ್ಶಿ ನಿನ್ನೆ ಫೋನು ಮಾಡಿ, ಆ ವಾಯರು ಕೀಳಿಸಿದ ಬಾಯಿ ಹೆಸರೇನು ಎಂದು ಕೇಳಿ ನನ್ನ ಹೆಸರು ಬರೆದುಕೊಂಡರಂತೆ. ಕಾಂಟ್ರ್ಯಾಕ್ಟು ಹೋಗಿಲ್ಲ, ದುಡ್ಡು ತಡವಾಗುತ್ತದೆ. ಈ ತಿಂಗಳ ಪಗಾರವೂ ತಡ. ಇದಕ್ಕೆ ನಾನೇ ಕಾರಣ ಎಂದು ಇಡೀ ಆಫೀಸಿಗೆ ಗೊತ್ತು, ಚಹಾದವನಿಗೂ ಗೊತ್ತು. ನನಗೆ ಮಾತ್ರ ಲೋಟದ ಮುಕ್ಕಾಲು ಹಾಕಿದ.

ಗುರುತನ್ನು ದಕಾರದ ತಲೆಯ ಮೇಲೆ ಮತ್ತೆ ಇಟ್ಟೆ. ಟೆಸ್ಟು ಬೆಳಿಗ್ಗೆ ಬಿತ್ತು, ಮಧ್ಯಾಹ್ನ ಬಿತ್ತು, ಸಂಜೆ ಬಿತ್ತು, ಪ್ರತಿ ಸಲವೂ ಅದೇ ಸಾಲಿನಲ್ಲಿ.

ಖಾನಾಪುರದಲ್ಲಿ ಲೈನು ಹೋಗಿತ್ತಂತೆ. ಕಾಂತಕ್ಕ ಕಲ್ಲಯ್ಯನವರಿಗೆ ಫೋನು ಹಚ್ಚಿ, ಅವರು ಎದ್ದು ಹೋಗಿ ಎಣಿಸಿ ಬಂದು, ಒ ಪಾಸಿಟಿವ್ ನಾಲ್ಕು ಇದೆ ಎಂದರಂತೆ. ನಾಲ್ಕೂ ಇದ್ದವಂತೆ.

ಹೊರಡುವ ಹೊತ್ತಿಗೆ ಗಜಾನನ ತನ್ನ ಮೇಜು ಬಿಟ್ಟು ಎದ್ದ. ಮನೆಗೆ ಹೊರಟ ಅಂದುಕೊಂಡೆ. ನನ್ನ ಹತ್ತಿರ ಬಂದು ನಿಂತ.

“ಆ ಕೂಗಿ ಕೇಳೂದು ಇವತ್ತs ಶುರು ಮಾಡೂಣೇನ್ರಿ, ಪ್ರಮಿಳಕ್ಕಾರ? ನೀವು ಕೆಡವ್ರಿ, ನಾ ಎತ್ತತೇನಿ.”

ಬಾಜೂದ ಕುರ್ಚಿಯ ಮೇಲೆ ನನ್ನ ಚೀಲ ಇತ್ತು. ತೆಗೆದು ಕೆಳಗಿಟ್ಟೆ. ಅಷ್ಟು ದಪ್ಪ ಮನುಷ್ಯ, ಎಲ್ಲಾದರೂ ಕೂರಬೇಕಲ್ಲ.